ಒಂದೇ ಎಸ್‌ಎಐ, ಎರಡು ಕಾಲೇಜು, ಎರಡು ಬೇರೆ ಮೊತ್ತ: ಅಮೆರಿಕದ ಪದವಿ ಕಾಲೇಜುಗಳಲ್ಲಿ ನೆರವಿನ ಹಣ ಹಂಚುವುದು ಹೇಗೆ?

ಮೂಲೆಮನೆ
ಫಾಫ್ಸಾ, ಅಂದರೆ ಅಮೆರಿಕದ ಫೆಡರಲ್ ಸರ್ಕಾರದ ವಿದ್ಯಾರ್ಥಿ ನೆರವಿನ ಅರ್ಜಿ, ಒಂದೇ. ಮನೆಯ ಆದಾಯ, ಆಸ್ತಿ ನೋಡಿ ಅದರಿಂದ ಬರುವ ಎಸ್‌ಎಐ ಸಂಖ್ಯೆಯೂ ಒಂದೇ, 4,000 ಅಂತಿಟ್ಟುಕೊಳ್ಳಿ. ಹಾಗಿದ್ದರೂ ತಮ್ಮದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದ ಪತ್ರದಲ್ಲಿ ನೆರವು 14,000 ಡಾಲರ್, ಬೇರೆ ರಾಜ್ಯದ ಖಾಸಗಿ ಕಾಲೇಜಿನ ಪತ್ರದಲ್ಲಿ 48,000 ಡಾಲರ್ ಎಂದಿರುತ್ತದೆ. ಹಾಗಾದರೆ ಖಾಸಗಿಯೇ ಅಗ್ಗವಾಯಿತೇ? ಈ ಹಣವನ್ನು ಹಂಚುವವರು ಯಾರು? ನೋಡುವುದು ಅಂಕವನ್ನೋ, ಮನೆಯ ಪರಿಸ್ಥಿತಿಯನ್ನೋ? ಒಳಗಿನ ಲೆಕ್ಕ ಗೊತ್ತಿದ್ದವರು ಬಿಡಿಸಿ ಹೇಳಿ.

ತಾಳೆಪಟ್ಟಿ
ಮೊದಲು ಆ ಎರಡು ಪತ್ರಗಳನ್ನು ಬಿಚ್ಚಿ ಹರಡೋಣ. ಇಂಥ ಪತ್ರಗಳು ಸಾಮಾನ್ಯವಾಗಿ ಹೀಗಿರುತ್ತವೆ.

ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ವರ್ಷದ ಒಟ್ಟು ಖರ್ಚು, ಅಂದರೆ ಸಿಒಎ, 31,000. ಅದರ 14,000 ನೆರವಿನಲ್ಲಿ ಪೆಲ್ ಗ್ರಾಂಟ್ (ಕಡಿಮೆ ಆದಾಯದ ಮನೆಯವರಿಗೆ ಫೆಡರಲ್ ಸರ್ಕಾರ ಕೊಡುವ ಹಣ) 3,395, ರಾಜ್ಯದ ಗ್ರಾಂಟ್ 3,105, ವರ್ಕ್-ಸ್ಟಡಿ (ಓದುತ್ತಲೇ ದುಡಿದು ಪಡೆಯುವ ಸಂಬಳ) 2,000, ವಿದ್ಯಾರ್ಥಿಯ ಹೆಸರಿನ ಫೆಡರಲ್ ಸಾಲ 5,500.

ಖಾಸಗಿ ಕಾಲೇಜಿನ ಸಿಒಎ 78,000. ಅಲ್ಲಿನ 48,000ದಲ್ಲಿ ಪೆಲ್ ಅದೇ 3,395, ಕಾಲೇಜಿನ ಸ್ವಂತ ಗ್ರಾಂಟ್ 24,605, ವರ್ಕ್-ಸ್ಟಡಿ 2,500, ಅದೇ 5,500 ಸಾಲ. ಉಳಿದ 12,000 ಪೇರೆಂಟ್ ಪ್ಲಸ್, ಅಂದರೆ ಅಪ್ಪ-ಅಮ್ಮನ ತಲೆಯ ಮೇಲಿನ ಸಾಲ.

ಈಗ ವಾಪಸ್ ಕೊಡಬೇಕಿಲ್ಲದ ಹಣವನ್ನಷ್ಟೇ ಕೂಡಿ. ಒಂದರಲ್ಲಿ 6,500, ಇನ್ನೊಂದರಲ್ಲಿ 28,000. ಸಿಒಎಯಿಂದ ಕಳೆದರೆ ಸರ್ಕಾರಿಯದ್ದು 24,500, ಖಾಸಗಿಯದ್ದು 50,000. ನಿಜವಾದ ಬೆಲೆ ಅದು. ನೆರವು ಜಾಸ್ತಿ ಕಂಡ ಕಡೆ ಖರ್ಚು ಎರಡು ಪಟ್ಟು. ಸಾಲವನ್ನೂ ಸಂಬಳವನ್ನೂ ಗ್ರಾಂಟಿನ ಜೊತೆ ಒಂದೇ ಕಾಲಂನಲ್ಲಿ ಕೂಡಿಸಿ ಕೆಳಗೆ ದಪ್ಪ ಅಕ್ಷರದಲ್ಲಿ ಮೊತ್ತ ಹಾಕುವುದು ಅಲ್ಲಿನ ಕಾಲೇಜುಗಳಿಗೆ ರೂಢಿಯಾಗಿಬಿಟ್ಟಿದೆ. 2022ರಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ಈ ಪತ್ರಗಳನ್ನು ಪರಿಶೀಲಿಸಿತು. ಸುಮಾರು 91 ಶೇಕಡಾ ಕಾಲೇಜುಗಳು ನಿವ್ವಳ ಬೆಲೆಯನ್ನು ತಿಳಿಸುವುದೇ ಇಲ್ಲ, ಇಲ್ಲವೇ ಕಡಿಮೆ ಮಾಡಿ ತೋರಿಸುತ್ತವೆ ಎಂದು ವರದಿ ಕೊಟ್ಟಿತು.

ಗುಣಾಕಾರ
ಎಸ್‌ಎಐ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅದು ನೀವು ಕಟ್ಟಬೇಕಾದ ಹಣವಲ್ಲ, ಸಾಲಿನಲ್ಲಿ ನೀವು ಎಲ್ಲಿ ನಿಂತಿದ್ದೀರಿ ಎಂದು ಹೇಳುವ ಸಂಖ್ಯೆ, ಅಷ್ಟೇ. 2024-25ರ ಸಾಲಿನಿಂದ ಹಳೆಯ ಇಎಫ್‌ಸಿ (ಮನೆಯವರು ಭರಿಸಬೇಕೆಂದು ನಿರೀಕ್ಷಿಸುವ ಪಾಲು) ಹೋಗಿ ಇದು ಬಂತು. ಮೈನಸ್ 1,500ರವರೆಗೂ ಇಳಿಯಬಹುದು. ಆದಾಯಕ್ಕೆ ಎರಡು ವರ್ಷ ಹಿಂದಿನ ತೆರಿಗೆ ಲೆಕ್ಕ ಹಿಡಿಯುತ್ತಾರೆ. 2026-27ಕ್ಕೆ 2024ರ ಲೆಕ್ಕ.

ಪೆಲ್ ಸೂತ್ರದಲ್ಲಿ ಗುಟ್ಟೇನೂ ಇಲ್ಲ. 2025-26ರಲ್ಲಿ ಗರಿಷ್ಠ 7,395, ಕನಿಷ್ಠ 740. ಮನೆಯ ಆದಾಯ ಬಡತನ ರೇಖೆಯ 175 ಶೇಕಡಾ ಒಳಗಿದ್ದರೆ, ಒಂಟಿ ಪೋಷಕರಾದರೆ 225 ಶೇಕಡಾ ಒಳಗಿದ್ದರೆ, ಪೂರ್ತಿ ಪೆಲ್. ಇಲ್ಲದಿದ್ದರೆ ಗರಿಷ್ಠದಿಂದ ಎಸ್‌ಎಐ ಕಳೆಯಿರಿ. 7,395ರಲ್ಲಿ 4,000 ಹೋದರೆ 3,395. ಮೇಲಿನ ಎರಡೂ ಪತ್ರಗಳಲ್ಲಿ ಪೆಲ್ ಒಂದೇ ಇರುವುದಕ್ಕೆ ಇದೇ ಕಾರಣ. ಕಾಲೇಜಿಗೆ ಅದರಲ್ಲಿ ಕೈಯಾಡಿಸುವ ಅಧಿಕಾರವಿಲ್ಲ.

ಆಸ್ತಿಯ ಲೆಕ್ಕದಲ್ಲೇ ಜನ ಎಡವುವುದು. ವಿದ್ಯಾರ್ಥಿಯ ಹೆಸರಲ್ಲಿ 10,000 ಡಾಲರ್ ಇದ್ದರೆ ಎಸ್‌ಎಐ 2,000 ಏರುತ್ತದೆ, ನೇರ 20 ಶೇಕಡಾ. ಅದೇ ಹಣ ತಂದೆ-ತಾಯಿಯ ಹೆಸರಲ್ಲಿದ್ದರೆ ಅತಿ ಹೆಚ್ಚೆಂದರೆ 564. ವಾಸದ ಮನೆ, ನಿವೃತ್ತಿ ಖಾತೆಗಳು ಫಾಫ್ಸಾ ಲೆಕ್ಕಕ್ಕೆ ಬರುವುದಿಲ್ಲ. ಆದರೆ ತಮ್ಮ ಸ್ವಂತ ನೆರವಿಗಾಗಿ ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ಅರ್ಜಿ ಕೇಳುವ ಖಾಸಗಿ ಕಾಲೇಜುಗಳಲ್ಲಿ ಹಲವು ಮನೆಯ ಮೌಲ್ಯವನ್ನೂ ಎಣಿಸುತ್ತವೆ. ಭಾರತದಲ್ಲಿ ಹೂಡಿಕೆ ಅಂತ ತೆಗೆದಿಟ್ಟ ಸೈಟು ಫಾಫ್ಸಾದಲ್ಲೂ ಆಸ್ತಿಯೇ. 'ಅದು ಇಲ್ಲಿಯದಲ್ಲವಲ್ಲ' ಎಂದು ಬಿಡುವಂತಿಲ್ಲ.

ಇನ್ನೊಂದು: ಒಂದೇ ಮನೆಯಿಂದ ಇಬ್ಬರು ಒಟ್ಟಿಗೆ ಕಾಲೇಜಿಗೆ ಹೋದರೆ ಮೊದಲು ಹೆತ್ತವರ ಪಾಲು ಇಬ್ಬರಿಗೆ ಹರಿದು ಹಂಚಿಹೋಗುತ್ತಿತ್ತು. ಹೊಸ ಸೂತ್ರದಲ್ಲಿ ಆ ರಿಯಾಯಿತಿ ಇಲ್ಲ. ಅವಳಿ ಮಕ್ಕಳ ಮನೆಗೆ ಇದರಷ್ಟು ದೊಡ್ಡ ಏಟು ಬೇರೊಂದಿಲ್ಲ.

ಮೂಲೆಮನೆ
ಹಾಗಾದರೆ ವ್ಯತ್ಯಾಸವೆಲ್ಲ ಆ 24,605ರಲ್ಲಿದೆ. ಆ ಸಂಖ್ಯೆ ಎಲ್ಲಿಂದ ಹುಟ್ಟಿತು?

ತಾಳೆಪಟ್ಟಿ
ಸರಿಯಾದ ಕಡೆಗೇ ಬಂದಿರಿ. ಹಂಚಿಕೆಯ ನಿಜವಾದ ರಾಜಕೀಯ ಇರುವುದು ಕಾಲೇಜಿನ ಸ್ವಂತ ಹಣದಲ್ಲಿ.

ಖಾಸಗಿ ಕಾಲೇಜುಗಳಲ್ಲಿ 'ಸ್ವಂತ ಗ್ರಾಂಟ್' ಎಂದರೆ ಬಹುಪಾಲು ತಿಜೋರಿಯಿಂದ ಎತ್ತಿ ಕೊಡುವ ನಗದಲ್ಲ, ಶುಲ್ಕದಲ್ಲಿ ಬಿಡುವ ರಿಯಾಯಿತಿ. ಮೊದಲ ವರ್ಷದವರಿಗೆ ಸರಾಸರಿ ಬೋಧನಾ ಶುಲ್ಕದ ಅರ್ಧಕ್ಕಿಂತ ಹೆಚ್ಚು ಹೀಗೆ ಬಿಡುತ್ತಾರೆ. ಯಾರಿಗೆ ಎಷ್ಟು ಬಿಟ್ಟರೆ ಸೀಟು ತುಂಬುತ್ತದೆ, ಒಟ್ಟು ವಸೂಲಿ ಎಷ್ಟಾಗುತ್ತದೆ ಎಂದು ಪ್ರವೇಶ ವಿಭಾಗದವರು ಮೊದಲೇ ಲೆಕ್ಕ ಹಾಕಿರುತ್ತಾರೆ.

ಉದಾಹರಣೆಗೆ ಶುಲ್ಕ 45,000, ರಿಯಾಯಿತಿಗೆ ಇಟ್ಟಿರುವುದು 20,000. ಅಷ್ಟನ್ನೂ ಅಗತ್ಯವಿರುವ ಒಬ್ಬ ವಿದ್ಯಾರ್ಥಿಗೆ ಕೊಟ್ಟರೆ ಅವನಿಂದ ಬರುವುದು 25,000. ಅದನ್ನೇ ತಲಾ 5,000ದಂತೆ ನಾಲ್ಕು ಅನುಕೂಲಸ್ಥ ಮನೆಯ ಮಕ್ಕಳಿಗೆ 'ಮೆರಿಟ್ ಸ್ಕಾಲರ್‌ಶಿಪ್' ಅಂತ ಕೊಟ್ಟು, ಆ ಗೌರವಕ್ಕೆ ಒಲಿದು ನಾಲ್ವರೂ ಸೇರಿದರೆ, ತಲಾ 40,000ದಂತೆ 1,60,000. ರಿಯಾಯಿತಿಯ ಮೊತ್ತ ಎರಡೂ ಕಡೆ ಒಂದೇ. ಆದ್ದರಿಂದಲೇ ನೆರವಿನ ಅಗತ್ಯ (ಸಿಒಎಯಲ್ಲಿ ಎಸ್‌ಎಐ ಕಳೆದು ಉಳಿಯುವುದು) ಸೊನ್ನೆ ಎಂದು ಲೆಕ್ಕ ಬಂದವರಿಗೂ ಪತ್ರದಲ್ಲಿ ಸ್ಕಾಲರ್‌ಶಿಪ್ ಬರುತ್ತದೆ. ಅಂಕವೋ ಪರಿಸ್ಥಿತಿಯೋ ಎಂದು ಕೇಳಿದಿರಿ. ಹಲವು ಕಾಲೇಜುಗಳು ನೋಡುವುದು ಮೂರನೆಯದನ್ನು: ಈ ಹುಡುಗ ಎಷ್ಟು ಬಿಟ್ಟರೆ ಬರುತ್ತಾನೆ?

ಕಂತು_ಬಡ್ಡಿ
ತಾಳೆಪಟ್ಟಿಯವರು ಸ್ವಲ್ಪ ಖಾರವಾಗಿಯೇ ಹೇಳಿದ್ದಾರೆ. ದತ್ತಿನಿಧಿ ದೊಡ್ಡದಿರುವ ಕಾಲೇಜುಗಳು ಹಾಗಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಮೆರಿಟ್ ಹಣವನ್ನೇ ಕೊಡುವುದಿಲ್ಲ. ಇರುವುದೆಲ್ಲ ಅಗತ್ಯದ ಮೇಲೆ, ಅದೂ ಲೆಕ್ಕ ಹಾಕಿದ ಅಗತ್ಯದಷ್ಟೂ. ಎಸ್‌ಎಐ 4,000 ಇರುವ ಮನೆಗೆ ಅಲ್ಲಿ ಬೀಳುವ ಖರ್ಚು ರಾಜ್ಯದ ವಿಶ್ವವಿದ್ಯಾಲಯಕ್ಕಿಂತ ಕಡಿಮೆಯಾದರೂ ಆಶ್ಚರ್ಯವಿಲ್ಲ. ತೊಂದರೆ ಏನೆಂದರೆ, ಅಗತ್ಯ ಎಷ್ಟೆಂದು ತೀರ್ಮಾನಿಸುವುದೂ ಅವರೇ, ಅವರದೇ ಸೂತ್ರದಿಂದ.

ತಾಳೆಪಟ್ಟಿ
ಒಪ್ಪಿದೆ. ಆದರೆ ಅಂಥವು ಬೆರಳೆಣಿಕೆ.

ಅರ್ಜಿಗುಮಾಸ್ತ
ಕಚೇರಿಯೊಳಗೆ ಪ್ಯಾಕೇಜು ಕಟ್ಟುವ ಕ್ರಮ ಹೇಳುತ್ತೇನೆ. ಪೆಲ್ ತಳಪಾಯ. ಅದರ ಮೇಲೆ ರಾಜ್ಯದ ಗ್ರಾಂಟ್, ಹೊರಗಿನ ಸ್ಕಾಲರ್‌ಶಿಪ್, ಕಾಲೇಜಿನ ಗ್ರಾಂಟ್, ಆಮೇಲೆ ಎಸ್‌ಇಒಜಿ (ಹೆಚ್ಚು ಅಗತ್ಯ ಇದ್ದವರಿಗೆ ಇನ್ನೊಂದು ಫೆಡರಲ್ ಗ್ರಾಂಟ್) ಮತ್ತು ವರ್ಕ್-ಸ್ಟಡಿ, ಕೊನೆಗೆ ಸಾಲ. ಕೆಲವು ಕಾಲೇಜು ಎಲ್ಲರಿಗೂ ಅಗತ್ಯದ ಇಂತಿಷ್ಟು ಶೇಕಡಾದವರೆಗೆ ಗ್ರಾಂಟ್ ತುಂಬಿಸಿ ನಿಲ್ಲಿಸುತ್ತವೆ. ಇನ್ನು ಕೆಲವು ಅತಿ ಕಡಿಮೆ ಎಸ್‌ಎಐಯಿಂದ ಶುರುಮಾಡಿ ಹಣ ಮುಗಿಯುವವರೆಗೆ ಕೊಡುತ್ತ ಹೋಗುತ್ತವೆ.

ಹಣ ಮುಗಿಯುವುದು ಎನ್ನುವುದು ಬರೀ ಮಾತಲ್ಲ. ಪೆಲ್ ಅರ್ಹರಿಗೆಲ್ಲ ಸಿಗುತ್ತದೆ, ಎಷ್ಟು ಜನ ಬಂದರೂ. ಎಸ್‌ಇಒಜಿ ಹಾಗಲ್ಲ. ಫೆಡರಲ್ ಸರ್ಕಾರ ವರ್ಷಕ್ಕೊಮ್ಮೆ ಕಾಲೇಜಿಗೆ ಒಂದು ಗಂಟು ಕೊಡುತ್ತದೆ, ಕಾಲೇಜು ತನ್ನ ಪಾಲು ಸೇರಿಸುತ್ತದೆ, ಒಬ್ಬರಿಗೆ 100ರಿಂದ 4,000 ಡಾಲರ್‌ವರೆಗೆ ಹಂಚುತ್ತಾರೆ. ಖಾಲಿಯಾದರೆ ಖಾಲಿ. ಫಾಫ್ಸಾ ಅಕ್ಟೋಬರ್ 1ಕ್ಕೆ ತೆರೆಯುತ್ತದೆ, ಫೆಡರಲ್ ಗಡುವು ಬಹಳ ದೂರದಲ್ಲಿರುತ್ತದೆ. ಅದನ್ನು ನೋಡಿ ಆರಾಮಾಗಿ ಕೂತವರಿಗೆ ಪೆಲ್ ಸಿಗುತ್ತದೆ, ಎಸ್‌ಇಒಜಿ ಕೈತಪ್ಪುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದ್ದು ಕಾಲೇಜಿನ ಆದ್ಯತಾ ದಿನಾಂಕ ಮತ್ತು ರಾಜ್ಯದ ಗಡುವು. ಕ್ಯಾಲಿಫೋರ್ನಿಯಾದಲ್ಲಿ ಅದು ಸಾಮಾನ್ಯವಾಗಿ ಮಾರ್ಚ್ 2.

ವರ್ಕ್-ಸ್ಟಡಿಯ 2,000 ಶುಲ್ಕದ ಬಿಲ್ಲಿನಿಂದ ಕಳೆಯುವ ಹಣವಲ್ಲ. ಕೆಲಸ ಹುಡುಕಿ, ಗಂಟೆ ಲೆಕ್ಕದಲ್ಲಿ ದುಡಿದು, ಸಂಬಳವಾಗಿ ಪಡೆಯಬೇಕು. ಒಂದು ಅನುಕೂಲವುಂಟು, ಆ ಸಂಪಾದನೆಯನ್ನು ಮುಂದಿನ ಎಸ್‌ಎಐ ಲೆಕ್ಕದಿಂದ ಬಿಡುತ್ತಾರೆ.

ಹೊಸಿಲು
ಅಪ್ಪ-ಅಮ್ಮ ಎಚ್-1ಬಿ ವೀಸಾದಲ್ಲಿದ್ದರೆ ಫಾಫ್ಸಾ ತುಂಬುವ ಹಾಗೇ ಇಲ್ಲವಂತೆ, ಹೌದೇ?

ಅರ್ಜಿಗುಮಾಸ್ತ
ಅರ್ಧ ನಿಜ. ನೋಡುವುದು ವಿದ್ಯಾರ್ಥಿಯ ಸ್ಥಿತಿಯನ್ನು, ಹೆತ್ತವರದ್ದನ್ನಲ್ಲ. ಮಗು ಅಮೆರಿಕದಲ್ಲೇ ಹುಟ್ಟಿದ ನಾಗರಿಕ, ಅಥವಾ ಗ್ರೀನ್ ಕಾರ್ಡ್ ಇದೆ ಎಂದರೆ, ಹೆತ್ತವರು ಯಾವ ವೀಸಾದಲ್ಲಿದ್ದರೂ ಪೆಲ್ಲಿಗೂ ವಿದ್ಯಾರ್ಥಿ ಸಾಲಕ್ಕೂ ಅರ್ಜಿ ಹಾಕಬಹುದು. ಪೇರೆಂಟ್ ಪ್ಲಸ್ ಮಾತ್ರ ಸಿಗದು, ಏಕೆಂದರೆ ಅಲ್ಲಿ ಸಾಲಗಾರರು ಹೆತ್ತವರು. ಮಗುವೇ ಎಚ್-4 (ಅವಲಂಬಿತರ) ಅಥವಾ ಎಫ್-1 (ವಿದ್ಯಾರ್ಥಿ) ವೀಸಾದಲ್ಲಿದ್ದರೆ ಫೆಡರಲ್ ಬಾಗಿಲು ಮುಚ್ಚಿದೆ. ಆಗ ಉಳಿಯುವುದು ಕಾಲೇಜಿನ ಸ್ವಂತ ಹಣ. ಮೇಲೆ ಹೇಳಿದ ಐದು ಕಾಲೇಜುಗಳು ವಿದೇಶಿ ಅರ್ಜಿದಾರರ ವಿಷಯದಲ್ಲೂ ನೆರವು ಕೇಳಿದ್ದನ್ನು ಪ್ರವೇಶ ತೀರ್ಮಾನಕ್ಕೆ ತರುವುದಿಲ್ಲ. ಹೆಚ್ಚಿನ ಬೇರೆ ಕಡೆ ತರುತ್ತಾರೆ.

ಹೊಸಿಲು
ಧನ್ಯವಾದ. ಅರ್ಜಿ ಎಲ್ಲಿ ಸಿಕ್ಕಿಬೀಳುತ್ತದೆ ಎಂದೂ ಹೇಳಿಬಿಡಿ.

ಅರ್ಜಿಗುಮಾಸ್ತ
ಸಹಿ ಮತ್ತು ಸಮ್ಮತಿಯಲ್ಲಿ. ವಿದ್ಯಾರ್ಥಿಯೂ, ವಿವರ ಕೊಡಬೇಕಾದ ಪ್ರತಿ ಪೋಷಕರೂ ಬೇರೆ ಬೇರೆ ಖಾತೆ ತೆರೆಯಬೇಕು. ತಮ್ಮ ತೆರಿಗೆ ವಿವರ ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ನಿಂದ ತರಿಸಿಕೊಳ್ಳಲು ಪ್ರತಿಯೊಬ್ಬರೂ ಒಪ್ಪಿಗೆ ಕೊಡಬೇಕು. ತೆರಿಗೆ ಸಲ್ಲಿಸದವರೂ ಒಪ್ಪಿಗೆ ಕೊಡಲೇಬೇಕು. ಒಬ್ಬರು ಕೊಡದಿದ್ದರೂ ಫೆಡರಲ್ ನೆರವು ಪೂರ್ತಿ ನಿಲ್ಲುತ್ತದೆ, ಸಾಲವೂ ಸೇರಿ. ನಮ್ಮವರಿಗೆ ಹೆಸರಿನದ್ದು ಇನ್ನೊಂದು ಕಾಟ. ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಇನಿಷಿಯಲ್ಲು ಒಂದು ಥರ, ಅರ್ಜಿಯಲ್ಲಿ ಇನ್ನೊಂದು ಥರ. ಕಾರ್ಡಿನಲ್ಲಿ ಇದ್ದಂತೆಯೇ ಬರೆಯಿರಿ, ಪಾಸ್‌ಪೋರ್ಟ್ ನೋಡಿ ಬರೆಯಬೇಡಿ.

ತಂದೆ-ತಾಯಿ ಬೇರೆಯಾಗಿದ್ದರೆ, ಮಗು ಯಾರ ಮನೆಯಲ್ಲಿದೆ ಎಂದು ಈಗ ಕೇಳುವುದಿಲ್ಲ. ಹಿಂದಿನ 12 ತಿಂಗಳಲ್ಲಿ ಹೆಚ್ಚು ಖರ್ಚು ನೋಡಿಕೊಂಡವರು ಯಾರೋ ಅವರ ವಿವರ ತುಂಬಬೇಕು.

ಆಮೇಲೆ ವೆರಿಫಿಕೇಷನ್‌ಗೆ, ಅಂದರೆ ಅರ್ಜಿಯ ವಿವರಗಳ ಪರಿಶೀಲನೆಗೆ, ಆಯ್ಕೆಯಾದರೆ ಕಾಲೇಜು ಕೇಳಿದ ದಾಖಲೆ ಕೊಡುವವರೆಗೆ ಪೆಲ್ ಬಿಡುಗಡೆಯಾಗುವುದಿಲ್ಲ. ಈ ಇಮೇಲ್ ವಿದ್ಯಾರ್ಥಿಯ ಕಾಲೇಜು ಖಾತೆಗೆ ಬರುತ್ತದೆ. ಹದಿನೆಂಟರ ಹುಡುಗರು ಆ ಡಬ್ಬಿ ತೆರೆಯುವುದೇ ಇಲ್ಲ!

ಗುಣಾಕಾರ
ಹೊರಗಿನ ಸ್ಕಾಲರ್‌ಶಿಪ್ ವಿಷಯ ಯಾರೂ ಎತ್ತಲಿಲ್ಲ. ಯಾವುದೋ ಸಂಘ 5,000 ಕೊಟ್ಟಿತು ಎಂದು ಮನೆಯಲ್ಲಿ ಸಂಭ್ರಮ. ಕಾಲೇಜಿಗೆ ತಿಳಿಸಿದ ಕೂಡಲೇ ಅವರ ಗ್ರಾಂಟ್ 5,000 ಇಳಿಯುತ್ತದೆ. ಮನೆಗೆ ದಕ್ಕಿದ್ದು ಸೊನ್ನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಹಾಗೆ.

ಫೆಡರಲ್ ನಿಯಮ ಹೇಳುವುದು ಇಷ್ಟೇ: ಅಗತ್ಯದ ಮೇಲಿನ ನೆರವು ಮತ್ತು ಇತರ ನೆರವು ಸೇರಿ ಅಗತ್ಯವನ್ನು ಮೀರಬಾರದು. ಗ್ರಾಂಟನ್ನೇ ಮೊದಲು ಕತ್ತರಿಸಿ ಎಂದು ಎಲ್ಲೂ ಹೇಳಿಲ್ಲ. ತುಂಬದೆ ಉಳಿದ ಅಗತ್ಯ ಇದ್ದರೆ ಅದಕ್ಕೆ ಹಾಕಬಹುದು, ಸಾಲ ಇಳಿಸಬಹುದು, ವರ್ಕ್-ಸ್ಟಡಿ ತೆಗೆಯಬಹುದು. ಯಾವುದನ್ನು ಮೊದಲು ಕತ್ತರಿಸುವುದು ಎನ್ನುವುದು ಕಾಲೇಜಿನ ತೀರ್ಮಾನ. ಅದನ್ನೇ ಲಿಖಿತವಾಗಿ ಕೇಳಿ: 'ಹೊರಗಿನ ಹಣ ಬಂದರೆ ಯಾವ ಭಾಗ ಮೊದಲು ಇಳಿಯುತ್ತದೆ?' ಸಾರ್ವಜನಿಕ ಕಾಲೇಜುಗಳು ಹೀಗೆ ಗ್ರಾಂಟ್ ಕತ್ತರಿಸದಂತೆ ಮೇರಿಲ್ಯಾಂಡ್ 2017ರಲ್ಲಿ ಮೊದಲು ಕಾನೂನು ತಂತು. ಆಮೇಲೆ ಕ್ಯಾಲಿಫೋರ್ನಿಯಾ ಸೇರಿ ಕೆಲವು ರಾಜ್ಯಗಳು ಆ ದಾರಿ ಹಿಡಿದವು.

ಎರಡನೇ_ಸೆಮಿಸ್ಟರ್
ಪತ್ರ ಬಂದಮೇಲೂ ಹಣ ಜಾರುವ ಜಾಗಗಳಿವೆ. ಪತ್ರದಲ್ಲಿರುವುದು ವರ್ಷದ ಅಂಕಿ. ಖಾತೆಗೆ ಬೀಳುವುದು ಸೆಮಿಸ್ಟರಿಗೆ ಅರ್ಧ, ತರಗತಿ ಶುರುವಾಗುವ 10 ದಿನಕ್ಕಿಂತ ಮುಂಚೆ ಅಲ್ಲ. ಮೊದಲು ಶುಲ್ಕಕ್ಕೆ ವಜಾ, ಮಿಕ್ಕಿದ್ದನ್ನು 14 ದಿನದೊಳಗೆ ವಿದ್ಯಾರ್ಥಿಗೆ ಕೊಡಬೇಕು. ಸಾಲದಲ್ಲಿ 1.057 ಶೇಕಡಾ ಶುಲ್ಕ ಮುರಿದುಕೊಂಡೇ ಕೊಡುತ್ತಾರೆ. 5,500 ಎಂದರೆ ಕೈಗೆ ಸುಮಾರು 5,442.

ಈಗ ಪೆಲ್ ಕ್ರೆಡಿಟ್ ಲೆಕ್ಕದಲ್ಲಿ ನಡೆಯುತ್ತದೆ. 12 ಕ್ರೆಡಿಟ್ ಆದರೆ ಪೂರ್ತಿ, 9 ಆದರೆ 75 ಶೇಕಡಾ, 7 ಆದರೆ 58. ಅದರಲ್ಲೂ ಪದವಿಯ ಪಟ್ಟಿಯಲ್ಲಿರುವ ವಿಷಯಗಳಷ್ಟೇ ಎಣಿಕೆಗೆ. ಹುಡುಗಿ 12 ಕ್ರೆಡಿಟ್ ತೆಗೆದುಕೊಂಡಿದ್ದಾಳೆ, ಅದರಲ್ಲಿ 3 ಕ್ರೆಡಿಟ್‌ನ ಛಾಯಾಗ್ರಹಣ ಅವಳ ಪದವಿಗೆ ಬೇಕಿಲ್ಲ ಎಂದರೆ, ಪೆಲ್ ಲೆಕ್ಕಕ್ಕೆ ಅವಳದು 9. ವರ್ಷಕ್ಕೆ 7,395 ಬರಬೇಕಿದ್ದವಳಿಗೆ ಆ ಒಂದು ಸೆಮಿಸ್ಟರಿನಲ್ಲೇ 900 ಡಾಲರಿಗಿಂತ ಹೆಚ್ಚು ಖೋತಾ. ಸಲಹೆಗಾರರು ಇದನ್ನು ತಾವಾಗಿ ಹೇಳುವುದು ಅಪರೂಪ.

ಮಧ್ಯದಲ್ಲಿ ಬಿಟ್ಟರೆ ಇನ್ನೂ ಕಷ್ಟ. ಸೆಮಿಸ್ಟರಿನ 60 ಶೇಕಡಾ ದಾಟಿದ ಮೇಲೆ ಬಿಟ್ಟರೆ ಹಣ ಪೂರ್ತಿ ಗಳಿಸಿದಂತೆ. ಅದಕ್ಕೂ ಮೊದಲಾದರೆ ದಿನದ ಲೆಕ್ಕ. 112 ದಿನದ ಸೆಮಿಸ್ಟರಿನಲ್ಲಿ 40ನೇ ದಿನ ಬಿಟ್ಟರೆ ಗಳಿಸಿದ್ದು 35.7 ಶೇಕಡಾ. 5,000 ಡಾಲರ್ ಫೆಡರಲ್ ನೆರವಿನಲ್ಲಿ 1,785 ಮಾತ್ರ ಅವರದು, 3,215 ವಾಪಸ್. ಕಾಲೇಜು ತನ್ನ ಪಾಲನ್ನು ಸರ್ಕಾರಕ್ಕೆ ಹಿಂದಿರುಗಿಸಿ ಅದೇ ಮೊತ್ತವನ್ನು ವಿದ್ಯಾರ್ಥಿಯ ಖಾತೆಯಲ್ಲಿ ಬಾಕಿ ತೋರಿಸುತ್ತದೆ. ಬಾಕಿ ತೀರುವವರೆಗೆ ಎಷ್ಟೋ ಕಡೆ ಮುಂದಿನ ನೋಂದಣಿಯೂ ಇಲ್ಲ. ಹೇಳದೆ ಕೇಳದೆ ಹೋಗಿ ಎಲ್ಲ ವಿಷಯದಲ್ಲೂ ಎಫ್ ಬಂದರೆ, ಅರ್ಧದಲ್ಲೇ ಬಿಟ್ಟರೆಂದು ಹಿಡಿದು ಲೆಕ್ಕ ಹಾಕಬಹುದು. ಒಂದು ವಿಷಯದ ಕೊನೆ ಪರೀಕ್ಷೆಯವರೆಗಾದರೂ ಕೂತಿದ್ದೆ ಎಂದು ಅಧ್ಯಾಪಕರಿಂದ ಬರೆಸಿಕೊಂಡರೆ ಅಷ್ಟು ಉಳಿಯುತ್ತದೆ.

ನೆರವು ಮುಂದುವರಿಯಲು ತೆಗೆದುಕೊಂಡ ಕ್ರೆಡಿಟ್‌ಗಳಲ್ಲಿ ಹೆಚ್ಚೂಕಡಿಮೆ ಮೂರರಲ್ಲಿ ಎರಡು ಪಾಲು ಪಾಸಾಗಿರಬೇಕು. ಮಧ್ಯೆ ಕೈಬಿಟ್ಟ ವಿಷಯವೂ 'ತೆಗೆದುಕೊಂಡದ್ದು' ಎಂದೇ ಎಣಿಕೆ.

ಕಂತು_ಬಡ್ಡಿ
ಸಾಲದ ಮಿತಿಗಳನ್ನೂ ಇಟ್ಟುಬಿಡುತ್ತೇನೆ. ಹೆತ್ತವರ ಅವಲಂಬಿತ ವಿದ್ಯಾರ್ಥಿಗೆ ಮೊದಲ ವರ್ಷ 5,500, ಎರಡನೆಯದು 6,500, ಆಮೇಲೆ 7,500. ಪದವಿಯುದ್ದಕ್ಕೂ ಒಟ್ಟು 31,000. ಮೊದಲ ವರ್ಷದ್ದರಲ್ಲಿ 3,500ರವರೆಗೆ ಓದುವಾಗಿನ ಬಡ್ಡಿಯನ್ನು ಸರ್ಕಾರ ಹೊರುವ ಸಬ್ಸಿಡೈಸ್ಡ್ ಸಾಲವಾಗಬಹುದು, ಅದೂ ಅಗತ್ಯ ಇದ್ದವರಿಗಷ್ಟೇ. ಪೇರೆಂಟ್ ಪ್ಲಸ್ ಅರ್ಜಿ ತಿರಸ್ಕೃತವಾದರೆ ಅಲ್ಲಿಗೇ ಬಿಡಬೇಡಿ. ಆ ತಿರಸ್ಕಾರವನ್ನೇ ತೋರಿಸಿ ವಿದ್ಯಾರ್ಥಿ ತನ್ನ ಹೆಸರಲ್ಲಿ ಮೊದಲೆರಡು ವರ್ಷ ತಲಾ 4,000, ನಂತರ 5,000 ಹೆಚ್ಚುವರಿ ಪಡೆಯಬಹುದು.

ಜುಲೈ 2025ರ ಕಾನೂನಿನಿಂದ ಪ್ಲಸ್ ಸಾಲಕ್ಕೆ ಮಿತಿ ಬಂದಿದೆ. 2026ರ ಜುಲೈ 1ರಿಂದ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 20,000, ಒಟ್ಟು 65,000. ಮೊದಲೇ ಸಾಲ ತೆಗೆದಿದ್ದವರಿಗೆ ಕೆಲಕಾಲದ ವಿನಾಯಿತಿ ಉಂಟು. ಸಿಒಎ ಎಷ್ಟಿದ್ದರೂ ಉಳಿದದ್ದನ್ನೆಲ್ಲ ಪ್ಲಸ್ ಸಾಲದಲ್ಲಿ ತುಂಬಿ 'ಪೂರ್ತಿ ನೆರವು' ಎಂದು ತೋರಿಸುವ ಪತ್ರಗಳಿಗೆ ಇದರಿಂದ ಸ್ವಲ್ಪ ಕಡಿವಾಣ ಬೀಳಬೇಕು.

ಮೂಲೆಮನೆ
ಎರಡು ವರ್ಷ ಹಿಂದಿನ ಆದಾಯ ಹಿಡಿಯುತ್ತಾರೆ ಅಂದಿರಿ. ನಡುವೆ ಕೆಲಸ ಹೋಗಿದ್ದರೆ?

ಅರ್ಜಿಗುಮಾಸ್ತ
ಫಾಫ್ಸಾದಲ್ಲಿ ಇದ್ದದ್ದನ್ನೇ ತುಂಬಿ, ತಿದ್ದಲು ಹೋಗಬೇಡಿ. ಆಮೇಲೆ ಕಾಲೇಜಿನ ನೆರವು ಕಚೇರಿಗೆ 'ಪ್ರೊಫೆಷನಲ್ ಜಡ್ಜ್‌ಮೆಂಟ್' ಮನವಿ ಕೊಡಿ, ಅಂದರೆ ಬದಲಾದ ಪರಿಸ್ಥಿತಿ ನೋಡಿ ಲೆಕ್ಕ ತಿದ್ದಿ ಎಂದು ಕೇಳಿ. ಕೆಲಸದಿಂದ ತೆಗೆದ ಪತ್ರ, ಕೊನೆಯ ಸಂಬಳದ ಚೀಟಿ, ನಿರುದ್ಯೋಗ ಭತ್ಯೆಯ ಪತ್ರ, ಈ ವರ್ಷದ ಅಂದಾಜು ಆದಾಯದ ಒಂದು ಪುಟದ ಲೆಕ್ಕ. ವಿಮೆ ಭರಿಸದ ವೈದ್ಯಕೀಯ ಬಿಲ್ಲಿದ್ದರೆ ಕಟ್ಟಿದ ರಸೀದಿ ಸಮೇತ. 'ಇಂಥ ಮನವಿಗಳನ್ನು ನಾವು ನೋಡುವುದೇ ಇಲ್ಲ' ಎಂದು ಸಾರಾಸಗಟು ನೀತಿ ಇಟ್ಟುಕೊಳ್ಳಲು ಕಾಲೇಜಿಗೆ ಅವಕಾಶವಿಲ್ಲ. ಹಾಗಂತ ಒಪ್ಪಲೇಬೇಕೆಂದೂ ಇಲ್ಲ. ಪ್ರತಿ ಕಾಲೇಜಿಗೂ ಬೇರೆ ಬೇರೆ ಕೊಡಬೇಕು, ಒಂದರ ತೀರ್ಮಾನ ಇನ್ನೊಂದಕ್ಕೆ ಅನ್ವಯಿಸದು. ಕ್ರೆಡಿಟ್ ಕಾರ್ಡ್ ಬಾಕಿ, ಮನೆ ಸಾಲದ ಕಂತು ಹೆಚ್ಚು ಎನ್ನುವುದನ್ನೆಲ್ಲ ಬರೆದರೆ ಓದುವವರ ತಾಳ್ಮೆ ಕೆಡುತ್ತದೆ, ಅಷ್ಟೇ.

ಹೊಸಿಲು
ಅರ್ಜಿ ಹಾಕುವ ಮೊದಲೇ ಒಂದು ಕಾಲೇಜು ಹೇಗೆ ಹಂಚುತ್ತದೆ ಎಂದು ತಿಳಿಯುವ ದಾರಿ ಇದೆಯೇ?

ತಾಳೆಪಟ್ಟಿ
ಇದೆ. ಕಾಲೇಜಿನ ಹೆಸರಿನ ಜೊತೆ 'ಕಾಮನ್ ಡೇಟಾ ಸೆಟ್' (ಕಾಲೇಜೇ ಪ್ರಕಟಿಸುವ ಅಂಕಿ-ಅಂಶಗಳ ಪಟ್ಟಿ) ಎಂದು ಹುಡುಕಿ, ಎಚ್ ವಿಭಾಗಕ್ಕೆ ಹೋಗಿ. ಎಚ್2ರ ಐ ಸಾಲಿನಲ್ಲಿ ಸರಾಸರಿ ಅಗತ್ಯದ ಎಷ್ಟು ಶೇಕಡಾ ತುಂಬುತ್ತಾರೆ ಎಂದಿದೆ. 62 ಎಂದಿದ್ದರೆ ಉಳಿದ 38 ನಿಮ್ಮ ಮೇಲೆ. ಎಚ್2ಎಯಲ್ಲಿ ಅಗತ್ಯವೇ ಇಲ್ಲದ ಎಷ್ಟು ಜನಕ್ಕೆ ಸರಾಸರಿ ಎಷ್ಟು ಕೊಟ್ಟರು ಎಂದಿದೆ. ಆ ಸಂಖ್ಯೆ ದಪ್ಪಗಿದ್ದು ಐ ಸಾಲು ತೆಳ್ಳಗಿದ್ದರೆ, ಸೀಟು ತುಂಬಿಸುವ ಲೆಕ್ಕ ಅಲ್ಲಿ ಜೋರಾಗಿದೆ ಎಂದರ್ಥ. ಕಾಲೇಜಿನ ಜಾಲತಾಣದಲ್ಲೇ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರುತ್ತದೆ, 2011ರಿಂದ ಕಡ್ಡಾಯ. ಕ್ಯಾಲ್ಕುಲೇಟರ್ ಅಂಕವನ್ನೂ ಆಸ್ತಿಯನ್ನೂ ಕೇಳದೆ ಉತ್ತರ ಕೊಟ್ಟರೆ ನಂಬಿಕೆ ಕಡಿಮೆ ಇಟ್ಟುಕೊಳ್ಳಿ.

ಮೂಲೆಮನೆ
ಈಗಷ್ಟೇ ತೆರೆದು ನೋಡಿದೆ. ಎಚ್2ರಲ್ಲಿ ಮೂರು ಕಾಲಂ ಇವೆ. ಯಾವುದನ್ನು ನೋಡಬೇಕು?

ತಾಳೆಪಟ್ಟಿ
ಮೊದಲೆರಡನ್ನೂ. ಮೊದಲನೆಯದು ಹೊಸದಾಗಿ ಸೇರಿದವರದ್ದು, ಎರಡನೆಯದು ಪೂರ್ಣಾವಧಿ ಓದುವ ಎಲ್ಲರದ್ದು, ಮೂರನೆಯದು ಅರೆಕಾಲಿಕರದ್ದು. ಕೆ ಸಾಲಿನ ಸರಾಸರಿ ಗ್ರಾಂಟನ್ನು ಅಕ್ಕಪಕ್ಕ ಇಡಿ. ಮೊದಲ ಕಾಲಂನಲ್ಲಿ 29,000, ಎರಡನೆಯದರಲ್ಲಿ 23,000 ಅಂತ ಕಂಡರೆ, ಸೇರಿಸಿಕೊಳ್ಳುವಾಗ ಕೊಟ್ಟು ಆಮೇಲೆ ಇಳಿಸುವ ಅಭ್ಯಾಸ ಇರಬಹುದು. ಎರಡನೇ ಕಾಲಂನಲ್ಲಿ ಹೊಸಬರೂ ಸೇರಿರುವುದರಿಂದ ಹಳಬರ ನಿಜವಾದ ಸರಾಸರಿ ಅದಕ್ಕಿಂತಲೂ ಕೆಳಗಿರುತ್ತದೆ. ಅಂಥ ಕಡೆ ಆ 24,605 ನಾಲ್ಕೂ ವರ್ಷ ಇರುತ್ತದೋ, ಯಾವ ಜಿಪಿಎ ಷರತ್ತಿನ ಮೇಲೆ, ಶುಲ್ಕ ಏರಿದರೆ ಅದೂ ಏರುತ್ತದೋ ಎಂದು ಮುಂಗಡ ಕಟ್ಟುವ ಮೊದಲು ಇಮೇಲಿನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಫೋನಿನಲ್ಲಿ ಬೇಡ.